ಭಾನುವಾರ ಬಿಡುವಾದ ಬಗೆ

ಚರ್ಚಿನ ಗಂಟೆಯೂ ವಾರದ ರಜೆಯೂ ಒಂದೇ ದಿನ ಬರುವುದು ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಅವೆರಡೂ ಒಟ್ಟಿಗೆ ಹುಟ್ಟಿದವಲ್ಲ. ಕ್ರೈಸ್ತರಿಗೆ ಭಾನುವಾರದ ಆರಾಧನೆ ಮೊದಲು ಬಂತು. ಬಿಡುವಿಗಾಗಿ ಅವರು ಸುಮಾರು ಮುನ್ನೂರು ವರ್ಷ ಕಾಯಬೇಕಾಯಿತು.

ಬಿಡುವಿನ ಬೇರು ಇರುವುದು ಯೆಹೂದ್ಯರ ಸಬ್ಬತ್ ದಿನದಲ್ಲಿ. ಬೈಬಲ್ ಅದಕ್ಕೆ ಎರಡು ಕಾರಣ ಕೊಡುತ್ತದೆ. ವಿಮೋಚನಕಾಂಡದ ಪ್ರಕಾರ, ಸೃಷ್ಟಿಕಾರ್ಯ ಮುಗಿಸಿ ಏಳನೆಯ ದಿನ ದೇವರೇ ವಿಶ್ರಮಿಸಿದ. ಧರ್ಮೋಪದೇಶಕಾಂಡವಾದರೋ ಈಜಿಪ್ಟಿನ ಗುಲಾಮಗಿರಿಯನ್ನು ನೆನಪಿಸುತ್ತದೆ. ಆ ನೊಗ ಹೊತ್ತವರಿಗೆ ಬಿಡುವಿನ ಬೆಲೆ ಗೊತ್ತು. ಹಾಗಾಗಿಯೇ ಅದು ಯಜಮಾನನಿಗಷ್ಟೇ ಅಲ್ಲ, ಆಳಿಗೂ ದಾಸಿಗೂ ಪರದೇಶಿಗೂ ಎತ್ತು ಕತ್ತೆಗಳಿಗೂ ಸಲ್ಲಬೇಕು. ಮರಳುಗಾಡಿನಲ್ಲಿ ಇಸ್ರಾಯೇಲ್ಯರಿಗೆ ದಿನದಿನವೂ ಸಿಕ್ಕ ‘ಮನ್ನಾ’ ಎಂಬ ಆಹಾರದ ಕಥೆಯೂ ಇದನ್ನೇ ಕಲಿಸುತ್ತದೆ. ನಾಳೆಗೆಂದು ಉಳಿಸಿಕೊಂಡರೆ ಅದಕ್ಕೆ ಹುಳು ಬೀಳುತ್ತಿತ್ತು. ಆರನೆಯ ದಿನ ಮಾತ್ರ ಎರಡರಷ್ಟು ಸಿಗುತ್ತಿತ್ತು, ಮರುದಿನಕ್ಕೆ ಇಟ್ಟರೂ ಕೆಡುತ್ತಿರಲಿಲ್ಲ. ಒಂದು ದಿನ ದುಡಿಯದಿದ್ದರೂ ಅನ್ನಕ್ಕೆ ಕುತ್ತು ಬಾರದೆಂಬ ಭರವಸೆ ಅದು.

ಯೇಸುಸ್ವಾಮಿ ಸಬ್ಬತ್ತಿನಂದೇ ರೋಗಿಗಳನ್ನು ಗುಣಪಡಿಸಿದರು. ಹಸಿದ ಶಿಷ್ಯರು ತೆನೆ ಕಿತ್ತು ತಿಂದಾಗ ಅವರ ಪರ ನಿಂತರು. ಯೇಸು ಪುನರುತ್ಥಾನರಾದ ವಾರದ ಮೊದಲ ದಿನವೇ, ಅಂದರೆ ಭಾನುವಾರವೇ, ವಿಶ್ವಾಸಿಗಳು ಕೂಡುವ ದಿನವಾಯಿತು. ರೋಮನ್ನರಿಗೆ ಅದು ಎಂದಿನಂತೆ ದುಡಿಮೆಯ ದಿನ. ಸುಮಾರು ಕ್ರಿ.ಶ. 112ರಲ್ಲಿ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವ ಮುನ್ನವೇ ಸೇರುತ್ತಾರೆಂಬ ಮಾತಿದೆ. ಆ ಶತಮಾನದ ನಡುವೆ ಹುತಾತ್ಮ ಜಸ್ಟಿನ್ ರೋಮಿನಲ್ಲಿದ್ದುಕೊಂಡು ಭಾನುವಾರದ ಕೂಟವನ್ನು ವಿವರವಾಗಿ ಬರೆದರು: ಗ್ರಂಥಪಠಣ, ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ, ಬರಲಾಗದವರ ಮನೆಗೂ ಪಾಲು, ವಿಧವೆಯರಿಗೆ, ಅನಾಥರಿಗೆ, ಸೆರೆಯಾಳುಗಳಿಗೆ ಕಾಣಿಕೆಯ ಹಣ.

321ರ ಮಾರ್ಚ್‌ನಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರ ನ್ಯಾಯಾಧೀಶರಿಗೂ ಪಟ್ಟಣಿಗರಿಗೂ ಕಸುಬುದಾರರಿಗೂ ಬಿಡುವು ವಿಧಿಸಿದ. ಬಿತ್ತನೆಯ ಹದ ತಪ್ಪಬಾರದೆಂದು ರೈತರಿಗೆ ದುಡಿಯಲು ಅನುಮತಿಯಿತ್ತು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತಮ್ಮ ಮಠದವರಿಗೆ ಭಾನುವಾರವನ್ನು ಓದಿಗೆಂದು ಮೀಸಲಿಟ್ಟರು.

ಗಿರಣಿಗಳ ಕಾಲ ಬಂದಾಗ ಈ ಬಿಡುವಿಗೆ ಮತ್ತೆ ಸಂಚಕಾರ ಬಂತು. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ತಮ್ಮ ವಿಶ್ವಪತ್ರದಲ್ಲಿ, ಭಾನುವಾರದ ವಿಶ್ರಾಂತಿ ಕಾರ್ಮಿಕನಿಗೆ ಸಲ್ಲಬೇಕಾದದ್ದೆಂದು ಸಾರಿದರು. ಅದು ಸೋಮಾರಿತನಕ್ಕಲ್ಲ, ದೇವರ ಕಡೆಗೆ ಮನಸ್ಸು ತಿರುಗಿಸುವುದಕ್ಕೆ ಎಂದೂ ಎಚ್ಚರಿಸಿದರು. ಅದರ ಹಿಂದಿನ ವರ್ಷವಷ್ಟೇ ಮುಂಬೈಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದಕ್ಕಿತ್ತು.

ಬಿಡುವು ದುಡಿದು ಗಳಿಸುವ ಬಹುಮಾನವಲ್ಲ, ದೇವರು ಎಲ್ಲರ ಕೈಗೂ ಇಟ್ಟ ಕೊಡುಗೆ. ಪೂಜೆ ಮುಗಿಸಿ ಬಂದವರಿಗೆ ಅಡುಗೆ ಮಾಡಿ ಬಡಿಸಲು ಇನ್ನೊಬ್ಬಾಕೆ ಆ ದಿನವೂ ದುಡಿಯುತ್ತಿದ್ದರೆ ಸಬ್ಬತ್ತಿನ ಆಜ್ಞೆಯಲ್ಲಿ ಅರ್ಧವನ್ನಷ್ಟೇ ಪಾಲಿಸಿದಂತೆ. ಈ ಭಾನುವಾರ ನಿಮ್ಮ ಮನೆಕೆಲಸದಾಕೆಗೆ, ಕಾರಿನ ಚಾಲಕನಿಗೆ ಸಂಬಳ ಹಿಡಿಯದೆ ರಜೆ ಕೊಡಿ.