ಮೊದಲ ಆಕಿ ಉಣ್ಣಲಿ

ಆ ವರ್ಷ ಎಳ್ಳ ಅಮಾಸಿ ಭಾನುವಾರ ಬಿದ್ದಿತ್ತು. 2022ರ ಜನವರಿ 2. ಹಿಂದಿನ ದಿನ ಶನಿವಾರ, ಹೊಸ ವರ್ಷ. ಬೆಂಗಳೂರಿನಲ್ಲಿ ನೌಕರಿ ಹಿಡಿದ ನಮ್ಮಂಥವರಿಗೆ ಕ್ಯಾಲೆಂಡರು ಇಷ್ಟು ಉಪಕಾರ ಮಾಡುವುದು ಅಪರೂಪ. ಮಗಳು ಹುಟ್ಟಿದ ಮೇಲಿನ ಆರು ವರ್ಷ ಒಂದಲ್ಲ ಒಂದು ಕಾರಣಕ್ಕೆ ಈ ಹಬ್ಬ ತಪ್ಪುತ್ತಲೇ ಬಂದಿತ್ತು. ಪ್ರತಿ ಸಲ ಬೆಳಿಗ್ಗೆ ಅವ್ವನ ಫೋನು ಬರುತ್ತಿತ್ತು. "ಹೊಲಕ್ಕ ಹೊಂಟೀವಿ ನೋಡವಾ" ಅನ್ನುತ್ತಿದ್ದಳು. ಅವಳ ದನಿಯ ಹಿಂದೆ ಬುಟ್ಟಿ ಎತ್ತಿಡುವ ಸದ್ದು, ಎತ್ತಿನ ಗೆಜ್ಜೆ, ಯಾರೋ ಯಾರನ್ನೋ ಬೈಯುವುದು ಎಲ್ಲ ಕೇಳುತ್ತಿತ್ತು. ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಆ ಸದ್ದು ಕಿವಿಯಲ್ಲೇ ಇರುತ್ತಿತ್ತು.

ಈ ಸಲವೂ ತಪ್ಪುವ ಹಾಗೇ ಕಂಡಿತು. ಡಿಸೆಂಬರ್ ಮೊದಲ ವಾರದಲ್ಲೇ ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣ ಬೆಂಗಳೂರಿನಲ್ಲಿ ಪತ್ತೆಯಾಗಿದ್ದವು. 28ರಿಂದ ರಾತ್ರಿ ಕರ್ಫ್ಯೂ. ಸಾಲದ್ದಕ್ಕೆ 31ಕ್ಕೆ ಕರ್ನಾಟಕ ಬಂದ್ ಕರೆ. ಬಂದ್ ಕರೆ ಹಿಂದಿನ ದಿನ ವಾಪಸಾಯಿತು. ಗಂಡ, ಮಗಳು, ನಾನು, ಮೂವರೂ ಮಾಸ್ಕ್ ಹಾಕಿಕೊಂಡು ತಾಳಿಕೋಟಿ ಬಸ್ಸು ಹತ್ತಿದೆವು. ಹೊಸ ವರ್ಷ ನಮಗೆ ಹೆದ್ದಾರಿಯ ಮೇಲೆ, ನಿದ್ದೆಯಲ್ಲಿ ಬಂತು.

ತಾಳಿಕೋಟಿ ಅಂದರೆ ಹೊರಗಿನವರಿಗೆ 1565ರ ಯುದ್ಧ. ನಮಗೆ ಅದು ಕಡ್ಲಿ, ಜ್ವಾಳ, ತೊಗರಿ ಮಾರುವ ಪೇಟೆ. ಅದರಿಂದಾಚೆ ಡೋಣಿ ಹೊಳೆಯ ದಂಡೆಗೆ ನಮ್ಮೂರು. ಜತ್ತದ ಕಡೆಯಿಂದ ಹರಿದು ಬಂದು ಕೃಷ್ಣೆ ಸೇರುವ ಈ ಹೊಳೆಯ ನೀರು ಉಪ್ಪು, ಬಾಯಿಗೆ ಹಾಕಲಾಗದು. ಆದರೆ ಅದರ ಎರಿ ಮಣ್ಣು ಬಂಗಾರ. ಡೋಣಿ ಹರಿದರೆ ಓಣಿ ತುಂಬ ಜ್ವಾಳ ಎಂಬ ಮಾತು ವಿಜಯಪುರ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಬರುತ್ತದೆ. ಸೆಪ್ಟೆಂಬರ್ ಅಕ್ಟೋಬರಿನ ಹಿಂಗಾರಿ ಹಸಿಗೆ ಬಿತ್ತಿದರೆ ಮುಗಿಯಿತು. ಆಮೇಲೆ ಹನಿ ಬೀಳದಿದ್ದರೂ ಆ ಕರಿಮಣ್ಣು ತನ್ನೊಡಲಲ್ಲಿ ಹಿಡಿದಿಟ್ಟ ತೇವದಲ್ಲೇ ಬಿಳಿಜೋಳ ಆಳೆತ್ತರ ಬೆಳೆದು ನಿಲ್ಲುತ್ತದೆ.

ಊರು ಮುಟ್ಟಿದಾಗ ಕರೆಂಟು ಇರಲಿಲ್ಲ. ಹಬ್ಬದ ಹಿಂದಿನ ದಿನ ಕರೆಂಟಿಲ್ಲ ಅಂದರೆ ಗಿರಣಿ ಇಲ್ಲ, ಗಿರಣಿ ಇಲ್ಲ ಅಂದರೆ ಸಜ್ಜಿ ಹಿಟ್ಟಿಲ್ಲ. ಚಿಕ್ಕವ್ವ ಮೂಲೆಯಲ್ಲಿದ್ದ ಬೀಸುಕಲ್ಲಿನ ಕಡೆ ಒಂದು ಸಲ ನೋಡಿದಳು, ನಮ್ಮ ಕೈಗಳನ್ನೊಂದು ಸಲ ನೋಡಿದಳು. ಸುಮ್ಮನೆ ಶೇಂಗಾ ಹುರಿಯಲು ಕೂತಳು.

ಇಲ್ಲಿ ಅವ್ವನ ಸಂಗತಿ ಹೇಳಬೇಕು. 2021ರ ಮೇ ತಿಂಗಳಲ್ಲಿ ಎರಡನೇ ಅಲೆ ನಮ್ಮ ಓಣಿಗೂ ಬಂದಿತ್ತು. ಅವ್ವ ಒಂಬತ್ತು ದಿನ ಆಮ್ಲಜನಕದ ಮೇಲಿದ್ದಳು. ರಾಜ್ಯವೆಲ್ಲ ಲಾಕ್‌ಡೌನ್, ನಾನು ಬೆಂಗಳೂರಿನಲ್ಲಿ ಫೋನಿನ ಪರದೆಯ ಮೇಲೆ ಅವಳ ಹಣೆಯನ್ನಷ್ಟೇ ನೋಡಿ ಒಂಬತ್ತು ದಿನ ಕಳೆದೆ. ಬದುಕಿ ಮನೆಗೆ ಬಂದಳು. ಮೂಗಿನ ಶಕ್ತಿ ಮಾತ್ರ ಬರಲಿಲ್ಲ. ಈ ವೈರಾಣು ವಾಸನೆಯ ನರಕೋಶಗಳಿಗಿಂತ ಹೆಚ್ಚಾಗಿ ಅವುಗಳಿಗೆ ಆಸರೆಯಾದ ಜೀವಕೋಶಗಳನ್ನು ಕೆಡಿಸುತ್ತದಂತೆ. ಬಹುಪಾಲು ಜನಕ್ಕೆ ಕೆಲವು ವಾರಗಳಲ್ಲಿ ಮರಳುವ ವಾಸನೆ ಅವ್ವನಿಗೆ ತಿಂಗಳುಗಳಾದರೂ ಮರಳಲಿಲ್ಲ. ಮೊಸರು ಹುಳಿಯಾದದ್ದು, ಹಾಲು ಹತ್ತಿದ್ದು, ಮೊದಲ ಮಳೆಗೆ ಮಣ್ಣು ನೆನೆದದ್ದು, ಯಾವುದೂ ಅವಳಿಗೆ ತಿಳಿಯುತ್ತಿರಲಿಲ್ಲ. ಒಗ್ಗರಣೆಯನ್ನು ಸಾಸಿವೆಯ ಸಪ್ಪಳದಿಂದ ಅಳೆಯುತ್ತಿದ್ದಳು, ರೊಟ್ಟಿ ಬೆಂದದ್ದನ್ನು ಬಣ್ಣದಿಂದ. ಅಪ್ಪ ದಿನಾ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತು ರುಚಿ ನೋಡಿ ಹೇಳುತ್ತಿದ್ದ. ನಲವತ್ತು ವರ್ಷದ ಸಂಸಾರದಲ್ಲಿ ಅಪ್ಪ ಅಡುಗೆಮನೆಯ ತನಕ ಬಂದದ್ದು ಅದೇ ಮೊದಲು. "ಉಂಡದ್ದೆಲ್ಲಾ ಮಣ್ಣ ಆಗೇತಿ" ಎಂದು ಅವ್ವ ಒಮ್ಮೆ ಫೋನಿನಲ್ಲಿ ಅಂದಿದ್ದಳು. ಅದಕ್ಕೆ ಏನು ಹೇಳಬೇಕೋ ನನಗೆ ತಿಳಿದಿರಲಿಲ್ಲ.

ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ ಕರೆಂಟು ಬಂತು. ಓಣಿಗೆ ಓಣಿಯೇ ಗಿರಣಿಗೆ ಓಡಿತು. ಅಪ್ಪನೂ ನನ್ನ ಗಂಡನೂ ಸಜ್ಜಿಯ ಚೀಲ ಹೊತ್ತು ಹೋದರು. ಚಿಕ್ಕವ್ವ ಜ್ವಾಳದ ಡಬ್ಬಿ ಉಳಿಯಿತೆಂದು ಬಾಗಿಲಿಗೆ ಬಂದು ಕೂಗುತ್ತಿದ್ದಳು. ನಾನು ಆ ಡಬ್ಬಿ ಹಿಡಿದು ಅವಳ ಹಿಂದೆ. ಅವ್ವ ಅಂಗಳದಲ್ಲಿ ಪುಂಡಿಪಲ್ಲೆ ಸೋಸುತ್ತ ಕೂತಿದ್ದಳು.

"ಶೇಂಗಾ ಹೊತ್ತಾಕತ್ಯಾವ! ಯಾರದೀರಿ ಒಳಗ?"

ಚಿಕ್ಕವ್ವ ಒಳಗೆ ಓಡಿ ಒಲೆ ಆರಿಸಿದಳು. ಆರಿಸಿದ ಮೇಲೆ ಅವಳಿಗೆ ಹೊಳೆಯಿತು. ಕೈಯಲ್ಲಿ ಬಾಣಲಿ ಹಿಡಿದುಕೊಂಡೇ ಹೊರಗೆ ಬಂದು, "ಅಕ್ಕಾ, ನಿನಗ ಹ್ಯಾಂಗ ಗೊತ್ತಾತು?" ಅಂದಳು. ಅವ್ವನ ಕೈಯಲ್ಲಿದ್ದ ಪುಂಡಿ ಕಟ್ಟು ಹಾಗೇ ನಿಂತಿತು. ಅದನ್ನು ಮೂಗಿಗೆ ಹಿಡಿದಳು, ಏನೂ ಇಲ್ಲ. ಬಾಣಲಿಯ ಮೇಲೆ ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

ಅಪ್ಪ ಗಿರಣಿಯಿಂದ ತಲೆ, ಮೀಸೆ ಎಲ್ಲ ಹಿಟ್ಟಾಗಿ ಬಂದ. ಸುದ್ದಿ ಹೇಳಿದೆವು. ಅವನು ಬಾಣಲಿಯಿಂದ ಸುಟ್ಟ ಶೇಂಗಾ ಒಂದನ್ನು ಆರಿಸಿ ಬಾಯಿಗೆ ಹಾಕಿಕೊಂಡ. ಮತ್ತೊಂದು ತಿಂದ, ಮತ್ತೆ ಎರಡು. ಏನೂ ಅನ್ನದೆ ದನದ ಕೊಟ್ಟಿಗೆಗೆ ಹೋಗಿ ನಿಂತ. ಹೋಳಿಗೆಗೆ ಬೇರೆ ಶೇಂಗಾ ಹುರಿದೆವು. ಸುಟ್ಟದ್ದನ್ನು ಅವ್ವ ಚೆಲ್ಲಗೊಡಲಿಲ್ಲ. ಒಂದು ಬಟ್ಟಲಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡು ರಾತ್ರಿ ಹನ್ನೊಂದರ ತನಕ ಸಜ್ಜಿ ರೊಟ್ಟಿ ಬಡಿದಳು. ನಡುನಡುವೆ ಬಟ್ಟಲನ್ನು ಎತ್ತಿ ಮೂಸುವುದು, ಎಳ್ಳು ಹಚ್ಚುವುದು, ಮತ್ತೆ ಬಡಿಯುವುದು. ಬೇರೆ ವಾಸನೆಗಳು ಒಂದೊಂದಾಗಿ ಮರಳಿದ್ದು ಬೇಸಿಗೆಯ ಹೊತ್ತಿಗೆ. ಮೊದಲು ಬಂದದ್ದು ಸುಟ್ಟ ಶೇಂಗಾ.

ನಮ್ಮ ಮನೆಯಲ್ಲಿ 'ಧನ್ಯವಾದ' ಎಂಬ ಮಾತನ್ನು ಯಾರೂ ಆಡಿದ್ದು ನಾನು ಕೇಳಿಲ್ಲ. ನನ್ನ ಗಂಡ ಮಂಡ್ಯದ ಕಡೆಯವರು; ಮದುವೆಯಾದ ಹೊಸತರಲ್ಲಿ ಊಟ ಬಡಿಸಿದ ಅವ್ವನಿಗೆ ಒಮ್ಮೆ ಥ್ಯಾಂಕ್ಸ್ ಅಂದುಬಿಟ್ಟಿದ್ದರು. ತನ್ನನ್ನು ಹೊರಗಿನವಳೆಂದು ತಿಳಿದರೆಂದು ಅವಳು ಎರಡು ದಿನ ನೊಂದುಕೊಂಡಳು. ಬಾಯಲ್ಲಿ ಆಡದಿದ್ದ ಆ ಮಾತನ್ನು ನಮ್ಮವರು ಏನು ಮಾಡುತ್ತಾರೆಂಬುದು ನನಗೆ ತಿಳಿದದ್ದು ಆ ಭಾನುವಾರವೇ.

ಭಾನುವಾರ ಹತ್ತು ಗಂಟೆಗೆ ಹೊರಟೆವು. ಮೊದಲು ಕೊಲ್ಲಾರಿ ಬಂಡಿ ಕಟ್ಟುತ್ತಿದ್ದ ಮನೆ ಈಗ ಟ್ರ್ಯಾಕ್ಟರ್ ಹೂಡುತ್ತದೆ. ಟ್ರೇಲರಿನಲ್ಲಿ ಕೌದಿ ಹಾಸಿ ಹದಿನೆಂಟು ಜನ ಕೂತೆವು. ನಡುವೆ ಬುಟ್ಟಿಗಳು: ಸಜ್ಜಿ ರೊಟ್ಟಿ, ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಲೆ, ಕಾಳುಪಲ್ಲೆ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಕಡಬು, ಶೇಂಗಾ ಹೋಳಿಗಿ, ಗಡಿಗೆ ತುಂಬ ಮೊಸರು. ನವೆಂಬರಿನ ಅಕಾಲಿಕ ಮಳೆಗೆ ನಮ್ಮ ತೊಗರಿ ಹೂ ಉದುರಿಸಿತ್ತು. ಅದನ್ನು ದಾಟುವಾಗ ಅಪ್ಪ ಆ ಕಡೆ ನೋಡಲಿಲ್ಲ. ಆದರೆ ಜೋಳ ತೆನೆ ಹಿರಿದು ಹಾಲುಗಾಳಾಗಿ ನಿಂತಿತ್ತು, ಕಡಲೆ ಕಾಯಿ ಕಟ್ಟಿತ್ತು, ಬದುವಿನಗುಂಟ ಕುಸುಬಿ ಮೊಗ್ಗೊಡೆಯುತ್ತಿತ್ತು.

ಬನ್ನಿಗಿಡದ ಬುಡಕ್ಕೆ ಐದು ಕಲ್ಲು ಆರಿಸಿಟ್ಟು ಸುಣ್ಣ ಹಚ್ಚಿದರು. ಅವು ಪಾಂಡವರು. ಹಿಂದೆ ಒಂದು ಕಲ್ಲು, ಅದು ಕರ್ಣ. ಪೂಜೆಯಾಗಿ ಎಡೆಯಾದ ಮೇಲೂ ಯಾರೂ ಉಣ್ಣುವ ಹಾಗಿಲ್ಲ. ಎಲ್ಲ ಅಡುಗೆಯಿಂದ ಒಂದಿಷ್ಟಿಷ್ಟು ಬುಟ್ಟಿಗೆ ಹಾಕಿ ಕಲಸಿ ಹೊಲದ ತುಂಬ ಚೆಲ್ಲಬೇಕು. ಅದು ಚರಗ. ಅಡುಗೆಯ ಘಮಕ್ಕೆ ಹಸಿವು ಕೆರಳಿದ್ದ ನನ್ನ ಗಂಡ, ಉಂಡು ಚೆಲ್ಲಿದರಾಗದೇ ಎಂದು ಮೆಲ್ಲಗೆ ಕೇಳಿದರು. ಅವ್ವನಿಗೆ ಕೇಳಿಸಿತು.

"ಬಸರಿ ಹೆಂಗಸನ್ನ ಬಿಟ್ಟು ಯಾರರ ಉಣ್ತಾರೇನು? ಮೊದಲ ಆಕಿ ಉಣ್ಣಲಿ."

ಕಾಳು ತುಂಬುವ ಹೊತ್ತಿನ ಹೊಲ ಇವರಿಗೆ ತುಂಬಿದ ಬಸುರಿ. ಅವಳ ಬಯಕೆಯ ಊಟ ಇದು. ಬೀಗರಂತೆ ಬುತ್ತಿ ಹೊತ್ತು ಬಂದವರು ನಾವು. ಅಪ್ಪ ಮುಂದೆ ಚರಗ ಚೆಲ್ಲುತ್ತ "ಹುಲ್ಲುಲಿಗ್ಯೋ" ಎಂದು ಕೂಗಬೇಕು, ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಬರುವವರು "ಚೆಲ್ಲಂಬರಿಗ್ಯೋ" ಎನ್ನಬೇಕು. ಈ ಕೂಗು ಊರೂರಿಗೂ ಬೇರೆ. ಬೀದರದ ಕಡೆಯದು ಇನ್ನೊಂದು ನಮೂನೆ. ಮಗಳಿಗೆ ಇದು ಎಷ್ಟು ಹಿಡಿಸಿತೆಂದರೆ ತಂಬಿಗೆ ಕಸಿದುಕೊಂಡು ತಾನೇ ಅಜ್ಜನ ಹಿಂದೆ ಓಡಿದಳು. ಚೆಲ್ಲಿದ್ದು ಎರೆಯ ಬಿರುಕಿಗೂ ಹೋಗುತ್ತದೆ, ಇರುವೆಗೂ ಹೋಗುತ್ತದೆ. ಹೆಚ್ಚಿನ ಪಾಲು ಹಕ್ಕಿಗಳದು. ಅನ್ನಕ್ಕೆ ಇಳಿದ ಗೊರವಂಕಗಳು ಕಡಲೆಯ ಕಾಯಿಕೊರಕ ಹುಳುವನ್ನೂ ಹೆಕ್ಕುತ್ತವೆ; ಕಾಜಾಣ, ಬೆಳ್ಳಕ್ಕಿಗಳು ಬರುವುದು ಹುಳುವಿಗೇ. ಕೃಷಿ ತಜ್ಞರು ಈಗ ಕಡಲೆ ಹೊಲಕ್ಕೆ ಅರಿಶಿಣ ಹಚ್ಚಿದ ಚುರುಮುರಿ ಚೆಲ್ಲಿ ಹಕ್ಕಿ ಕರೆಯಿರಿ ಎಂದು ಸಲಹೆ ಕೊಡುತ್ತಾರೆ. ಅಪ್ಪನಿಗೆ ಈ ವಿಷಯ ಹೇಳಿದರೆ ಅವನು ಆಶ್ಚರ್ಯಪಡುವುದಿಲ್ಲ. ಹಕ್ಕಿಯದೂ ಒಂದು ಪಾಲು ಅಲ್ಲವೇ ಅನ್ನುತ್ತಾನೆ, ಅಷ್ಟೇ.

ಆಮೇಲೆ ಊಟ. ಆ ಊಟದ ಬಗ್ಗೆ ಬರೆಯಲು ನನಗೆ ಬಾರದು. ಅಂಗೈ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಎಣ್ಣಿಗಾಯಿ, ಬೆನ್ನಿಗೆ ಚಳಿಗಾಲದ ಬಿಸಿಲು.

ಮಗಳು ಕಾಣೆಯಾದದ್ದು ಎಲ್ಲರೂ ಕೌದಿಯ ಮೇಲೆ ಒರಗಿದಾಗ. ಕಡಲೆ ಗಿಡದ ಎಲೆಯ ಮೇಲೆ ಹುಳಿ ಇರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಅದನ್ನು ಬಟ್ಟೆಗೆ ಹಿಡಿದು ಹಿಂಡಿ ಹೊಟ್ಟೆನೋವಿಗೆ ಔಷಧಿಯೆಂದು ಇಡುತ್ತಾರೆ. ಬರಿಗಾಲಲ್ಲಿ ಕಡಲೆಯೊಳಗೆ ಆಡುತ್ತಿದ್ದವಳಿಗೆ ಆ ಹುಳಿ ಕಾಲಿಗೆ ಚುರ್ ಅಂದಿದೆ. ತಪ್ಪಿಸಿಕೊಳ್ಳಲು ಪಕ್ಕದ ಜೋಳ ಹೊಕ್ಕಿದ್ದಾಳೆ. ಹೊಕ್ಕ ಮೇಲೆ ಎಲ್ಲ ದಿಕ್ಕೂ ಒಂದೇ. ಅವಳ ಎರಡರಷ್ಟು ಎತ್ತರದ ದಂಟು, ಮೇಲೆ ಅಂಗೈಯಗಲ ಆಕಾಶ.

ನಾವು ಹೆಸರು ಹಿಡಿದು ಕೂಗಿದೆವು. ಹದಿನೇಳು ಜನ ಹದಿನೇಳು ಕಡೆಯಿಂದ ಕೂಗಿದರೆ ಆರು ವರ್ಷದ ಮಗು ಯಾವ ಕಡೆ ಬರಬೇಕು? ಅಳುತ್ತ ಇನ್ನೂ ಒಳಗೆ ಹೋದಳು. ಗಾಳಿಗೆ ಜೋಳದ ಗರಿ ಮರಮರ ಅನ್ನುವ ಸದ್ದಿನಲ್ಲಿ ಅವಳ ಅಳು ನಮಗೆ ಕೇಳಲಿಲ್ಲ. ಅರ್ಧ ತಾಸಾಯಿತು. ನನ್ನ ಕಾಲು ಸೋತವು. ಆಗ ನೋಡಿದರೆ ಅಪ್ಪ ಇಲ್ಲ.

ಅವ್ವ ಎದ್ದಳು. ಎಲ್ಲರಿಗೂ ಬಾಯಿ ಮುಚ್ಚಲು ಕೈ ಮಾಡಿದಳು. ಆಮ್ಲಜನಕದ ಮೇಲೆ ಒಂಬತ್ತು ದಿನ ಇದ್ದ ಎದೆ ಅದು. ಬದುವಿನ ಮೇಲೆ ಹತ್ತಿ ನಿಂತು, ಇದ್ದಬದ್ದ ಉಸಿರೆಲ್ಲ ಕೂಡಿಸಿ ಕೂಗಿದಳು.

"ಹುಲ್ಲುಲಿಗ್ಯೋ..."

ಏನಿಲ್ಲ. ಮತ್ತೊಮ್ಮೆ ಕೂಗಿದಳು. ಜೋಳದೊಳಗಿಂದ, ನಾವು ಹುಡುಕುತ್ತಿದ್ದ ಕಡೆಯಿಂದಲ್ಲ, ಪೂರಾ ಇನ್ನೊಂದು ಕಡೆಯಿಂದ, ಬಿಕ್ಕಿನ ನಡುವೆ ತೆಳ್ಳಗಿನ ದನಿ ಬಂತು: "ಚೆಲ್ಲಂಬರಿಗ್ಯೋ..."

ಅವ್ವ ಕೂಗುತ್ತಲೇ ಇದ್ದಳು, ಅವಳು ಓಗೊಡುತ್ತಲೇ ಬಂದಳು. ಮುಖವೆಲ್ಲ ಗರಿ ಗೀರಿ ಕೆಂಪಾಗಿತ್ತು. ಕೈಯಲ್ಲಿ ತಂಬಿಗೆ ಹಾಗೇ ಇತ್ತು.

ಅಪ್ಪ ಎಲ್ಲಿಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು. ನಾವೆಲ್ಲ ಜೋಳದ ಕಡೆ ಓಡಿದಾಗ ಅವನೊಬ್ಬನೇ ಆಚೆ ಹೊಲದ ನೀರು ಬೀಳದ ಹಳೆಯ ಕೊಳವೆಬಾವಿಯ ಕಡೆ ಓಡಿದ್ದ. ಬಾಯಿಗೆ ಮುಚ್ಚಿದ್ದ ಚಪ್ಪಡಿ ಸರಿದಿಲ್ಲವೆಂದು ಮುಟ್ಟಿ ನೋಡಿ, ಅದರ ಮೇಲೇ ಕೂತುಬಿಟ್ಟಿದ್ದನಂತೆ. ಹುಡುಗಿ ಸಿಕ್ಕಳೆಂದು ಚಿಕ್ಕಪ್ಪ ಹೋಗಿ ಹೇಳಿದ ಮೇಲೂ ತಟ್ಟನೆ ಏಳಲಾಗಲಿಲ್ಲವಂತೆ. ಎರಡು ವರ್ಷದ ಮೇಲೆ, 2024ರ ಏಪ್ರಿಲ್‌ನಲ್ಲಿ, ನಮ್ಮದೇ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷವೂ ತುಂಬದ ಕೂಸನ್ನು ಸುಮಾರು 20 ತಾಸಿನ ಮೇಲೆ ಜೀವಂತ ತೆಗೆದರಲ್ಲ, ಆ ಇಡೀ ರಾತ್ರಿ ಅಪ್ಪ ಟಿ.ವಿ. ಮುಂದಿನಿಂದ ಏಳಲಿಲ್ಲ ಎಂದು ಅವ್ವ ಹೇಳಿದಳು. ನಾನೂ ಎದ್ದಿರಲಿಲ್ಲ.

ಹೊತ್ತು ಇಳಿಯುವಾಗ ಕಡಲೆ ಗಿಡ ಕಿತ್ತು ಬೆಂಕಿಗೆ ಹಾಕಿ ಸುಲಗಾಯಿ ಸುಟ್ಟರು. ಮಗಳು ಅವ್ವನ ತೊಡೆ ಬಿಟ್ಟು ಇಳಿಯಲಿಲ್ಲ. ಅವ್ವ ಸುಟ್ಟ ಕಡಲೆ ಬಿಡಿಸಿ ಮೊದಲು ತಾನು ಮೂಸಿ, ಆಮೇಲೆ ಅವಳ ಬಾಯಿಗೆ ಹಾಕುತ್ತಿದ್ದಳು.

ಅದೇ ಸಂಜೆ ಬಸ್ಸು ಹಿಡಿದೆವು. ಸೋಮವಾರ ಕೆಲಸ. ಮುಂದಿನ ಶುಕ್ರವಾರದಿಂದ ರಾಜ್ಯದಲ್ಲಿ ವಾರಾಂತ್ಯದ ಕರ್ಫ್ಯೂ ಬಂತು. ಆ ಅಮಾವಾಸ್ಯೆ ಒಂದು ವಾರ ತಡವಾಗಿದ್ದರೆ ಇದೇನೂ ನಮಗೆ ದಕ್ಕುತ್ತಿರಲಿಲ್ಲ. ಕಾಲ ಬುಡದಲ್ಲಿ ಬುತ್ತಿಯ ಚೀಲ, ಅದರ ಘಮ ಬಸ್ಸಿಗೆಲ್ಲ. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ನಿಂತರು.

"ಎಳ್ಳ ಅಮಾಸಿ ಬುತ್ತಿ ಏನ್ರೀ?"

ಹೌದೆಂದೆ. ಸಿಂದಗಿಯ ಕಡೆಯವರಂತೆ. ರಜೆ ಸಿಗದೆ ಹೊಲಕ್ಕೆ ಹೋಗಲಾಗಿರಲಿಲ್ಲ. ಕಾಗದದಲ್ಲಿ ಎರಡು ಸಜ್ಜಿ ರೊಟ್ಟಿ, ಅಗಸಿ ಹಿಂಡಿ, ಒಂದು ಶೇಂಗಾ ಹೋಳಿಗಿ ಕಟ್ಟಿ ಕೊಟ್ಟೆ. ಬೇಡವೆನ್ನಲಿಲ್ಲ, ಥ್ಯಾಂಕ್ಸ್ ಅನ್ನಲೂ ಇಲ್ಲ. ಮುಂದಿನ ಸೀಟಿಗೆ ಹೋಗಿ ಕೂತು ಮಾಸ್ಕ್ ಕೆಳಗೆ ಸರಿಸಿದರು. ಕಿಟಕಿಯ ಗಾಜು ಒಂದಿಷ್ಟು ಜರುಗಿಸಿ, ರೊಟ್ಟಿಯ ಒಂದು ಚೂರು ಮುರಿದು ಹೊರಗಿನ ಕತ್ತಲಲ್ಲಿ ಓಡುತ್ತಿದ್ದ ಜೋಳದ ಹೊಲಕ್ಕೆ ಎಸೆದರು. ಆಮೇಲೆ ಉಣ್ಣತೊಡಗಿದರು.