ಕುಚ್ಚಲಕ್ಕಿಯ ಬೆಳಗಿನ ಗಂಜಿ

ತಾನು ಬೆಳೆದ ಧಾನ್ಯವನ್ನೇ ಬೆಳಗಿನ ಆಹಾರವಾಗಿ ಮಾಡಿಕೊಳ್ಳುವುದು ಎಲ್ಲ ದೇಶಗಳ ಕೃಷಿಕನ ರೂಢಿ. ಪೂರ್ವ ಆಫ್ರಿಕದ ಇಥಿಯೋಪಿಯದಲ್ಲಿ ಜವೆಗೋದಿಯ ಹಿಟ್ಟನ್ನು ಕುದಿನೀರಿನಲ್ಲಿ ಗಟ್ಟಿಯಾಗಿ ತೊಳಸಿ, ನಡುವೆ ಕುಳಿ ಮಾಡಿ ಮಸಾಲೆಯ ಬೆಣ್ಣೆ ತುಂಬಿ ಉಣ್ಣುವರು. ಅದಕ್ಕೆ ಗೆನ್ಫೊ ಎಂದು ಹೆಸರು. ಉಡುಪಿ, ಕಾಪು, ಕಾರ್ಕಳದ ಸೀಮೆಯಲ್ಲಿ ಈ ಸ್ಥಾನವು ಕುಚ್ಚಲಕ್ಕಿಯ ಗಂಜಿಯದು. ಇದನ್ನು ಬಡವರ ಊಟವೆಂದು ಕಡೆಗಣಿಸುವುದು ಸರಿಯಲ್ಲ.

ಭತ್ತವನ್ನು ನೆನೆಯಿಸಿ, ಉಮಿಯು ಬಾಯಿ ಬಿಡುವವರೆಗೆ ಬೇಯಿಸಿ, ಒಣಗಿಸಿ ಕುಟ್ಟಿದರೆ ಕುಚ್ಚಲಕ್ಕಿಯಾಗುವುದು. ಬೇಯುವಾಗ ತೌಡಿನಲ್ಲಿರುವ ಬಿ1 ಜೀವಸತ್ವದ ಒಂದು ಭಾಗವು ನೀರಿನೊಡನೆ ಕಾಳಿನೊಳಕ್ಕೆ ಇಳಿಯುತ್ತದೆ. ಕಾಳು ಗಟ್ಟಿಯಾಗುವುದರಿಂದ ಗಿರಣಿಯಲ್ಲಿ ನುಚ್ಚೂ ಕಡಮೆ.

ಈ ಜೀವಸತ್ವದ ಕೊರತೆಯಿಂದ ನರಗಳನ್ನೂ ಹೃದಯವನ್ನೂ ಕೆಡಿಸುವ ಬೆರಿಬೆರಿ ರೋಗವು ಬರುವುದು. 1905ರಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ಮಲಯದ ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಅರ್ಧ ಜನರಿಗೆ ಬೆಳ್ತಿಗೆ ಅಕ್ಕಿಯನ್ನೂ ಉಳಿದವರಿಗೆ ಕುಚ್ಚಲಕ್ಕಿಯನ್ನೂ ಕೊಡಿಸಿ ನೋಡಿದರು. ಬೆರಿಬೆರಿಯು ಹರಡಿದ್ದು ಮೊದಲನೆಯ ಗುಂಪಿನಲ್ಲಿ.

ಆದರೆ ಈ ಸತ್ವವು ಎರಡು ಕಡೆ ನಷ್ಟವಾಗುವುದು. ಒಂದು, ಅಕ್ಕಿಯನ್ನು ಬೆಳ್ಳಗಾಗಲೆಂದು ಗಿರಣಿಯಲ್ಲಿ ಅತಿಯಾಗಿ ಪಾಲಿಶ್ ಮಾಡಿಸುವುದು. ಕೆಂಪು ಬಣ್ಣವಿರುವುದು ತೌಡಿನ ಪದರದಲ್ಲಿಯೇ. ಎರಡು, ಅನ್ನವನ್ನು ಬಸಿದು ತಿಳಿಯನ್ನು ಚೆಲ್ಲುವುದು. ಗಂಜಿಯಲ್ಲಿ ತಿಳಿಯು ಅನ್ನದೊಡನೆಯೇ ಹೊಟ್ಟೆಗೆ ಸೇರುವುದರಿಂದ ಇದೊಂದು ನಷ್ಟವಿಲ್ಲ. ಜೊತೆಗೆ ಹುರುಳಿಯ ಚಟ್ನಿಯಿದ್ದರೆ ಅಕ್ಕಿಯಲ್ಲಿ ಕಡಮೆಯಿರುವ ಸಸಾರಜನಕವೂ ದೊರೆಯುವುದು.

ಗದ್ದೆಗಳು ಹಡಿಲು ಬಿದ್ದರೆ ಈ ಗಂಜಿಗೆ ಪರವೂರಿನ ಅಕ್ಕಿಯೇ ಗತಿ. ಸ್ಥಳೀಯ ಕೆಂಪಕ್ಕಿಗೆ ಎಂ.ಓ.4 ತಳಿಯು ಇಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ; ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವು ಸಹ್ಯಾದ್ರಿ ಕೆಂಪುಮುಕ್ತಿ ಎಂಬ ತಳಿಯನ್ನೂ ಹೊರತಂದಿದೆ.

ಭೂಮಾಲೀಕರೂ ಗ್ರಾಮದ ಮುಖಂಡರೂ ಗಮನಿಸತಕ್ಕ ಅಂಶಗಳು ಇವು: ಬೈಲುಗದ್ದೆಗಳಲ್ಲಿ ಒಂದಂಶವನ್ನಾದರೂ ಮನೆಯ ಬಳಕೆಯ ಕೆಂಪು ಭತ್ತಕ್ಕೆ ಮೀಸಲಿಡುವುದು, ಬೇಯಿಸಿದ ಭತ್ತವು ಬೂಸಲು ಹಿಡಿಯದಂತೆ ತೆಳುವಾಗಿ ಹರಡಿ ಬೇಗ ಒಣಗಿಸುವುದು, ಪಾಲಿಶ್ ಕಡಮೆ ಮಾಡಬೇಕೆಂದು ಗಿರಣಿಯವರಿಗೆ ಮೊದಲೇ ಹೇಳುವುದು, ಗದ್ದೆಯ ಕೆಲಸಕ್ಕೆ ಬರುವವರಿಗೂ ಇದೇ ಅಕ್ಕಿಯ ಗಂಜಿಯನ್ನು ಕೊಡುವುದು. ದುಡಿಯುವವನ ಬಲವು ಗದ್ದೆಯ ಬೆಳೆಯಲ್ಲಿಯೇ ಕಾಣುವುದಷ್ಟೆ.