ದೋಷ ಸೆಟ್ಟಿನಲ್ಲೋ, ಗುಡ್ಡದಲ್ಲೋ?

ನಕ್ಷೆಯಲ್ಲಿ ಯಲ್ಲಾಪುರದಿಂದ ಎರಡು ಗೆರೆ ಎಳೆಯಿರಿ. ಒಂದು ಪಶ್ಚಿಮದ ಕಾರವಾರಕ್ಕೆ, ಇನ್ನೊಂದು ಈಶಾನ್ಯದ ಧಾರವಾಡಕ್ಕೆ. ಎರಡೂ ಅರವತ್ತು ಕಿಲೋಮೀಟರ್ ಆಸುಪಾಸು. ಎರಡೂ ಊರಲ್ಲಿ ಆಕಾಶವಾಣಿ ಕೇಂದ್ರಗಳಿವೆ. ಆದರೆ ಘಟ್ಟದ ಮೇಲಿನ ತೋಟದ ಮನೆಯಲ್ಲಿ ಕುಳಿತವರಿಗೆ ಹಗಲಲ್ಲಿ ಧಾರವಾಡ ಸಲೀಸು. ಕಾರವಾರ ಮಾತ್ರ ಗುಡ್ಡದ ಮರ್ಜಿ. ಸೆಟ್ಟು ಕೆಟ್ಟಿತೆಂದು ಪೇಟೆಯ ರಿಪೇರಿ ಅಂಗಡಿಗೆ ಒಯ್ದರೆ, ಅಲ್ಲಿ ಅದು ಚೆನ್ನಾಗಿಯೇ ಹಾಡುತ್ತದೆ. ಮನೆಗೆ ತಂದರೆ ಮತ್ತೆ ಸರಸರ.

ಕಾರಣ ತರಂಗದ ಉದ್ದದಲ್ಲಿದೆ. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಕೇಂದ್ರದ ಮೀಡಿಯಂ ವೇವ್ ಪ್ರಸಾರ 765 ಕಿಲೋಹರ್ಟ್ಸ್‌ನದು, ಪ್ರೇಷಕದ ಸಾಮರ್ಥ್ಯ 200 ಕಿಲೋವ್ಯಾಟ್. ಅದರ ಒಂದೊಂದು ಅಲೆ ಸುಮಾರು 390 ಮೀಟರ್ ಉದ್ದ. ಅಂಥ ಅಲೆ ನೆಲಕ್ಕೆ ಅಂಟಿಕೊಂಡೇ ಸಾಗುತ್ತದೆ, ಗುಡ್ಡವನ್ನು ಬಳಸಿ ಈಚೆಗೂ ಇಳಿಯುತ್ತದೆ. ಕಾರವಾರದ ಎಫ್‌ಎಂ 102.3 ಮೆಗಾಹರ್ಟ್ಸ್‌ನದು, ಅಲೆಯ ಉದ್ದ ಮೂರು ಮೀಟರೂ ಇಲ್ಲ. ಅದು ಬಹುಮಟ್ಟಿಗೆ ನೇರ ದಾರಿ ಹಿಡಿಯುತ್ತದೆ. ನಡುವೆ ಅರಬೈಲ್ ಘಟ್ಟದಂಥ ಗೋಡೆ ಎದ್ದರೆ ಹಿಂದಿನ ಕಣಿವೆಗೆ ನೆರಳು ಬೀಳುತ್ತದೆ. ಮೊಬೈಲಿನ ಅಲೆಯಂತೂ ಗೇಣುದ್ದದ ಲೆಕ್ಕದ್ದು, ಅದಕ್ಕೆ ಇನ್ನೂ ಗಾಢ ನೆರಳು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಈ ನೆರಳಿಗೆ ಕೃಷಿಯೂ ಕಾರಣ. ಅಡಿಕೆಗೆ ನೀರು ಬೇಕು, ತಂಪು ಬೇಕು. ಹಾಗಾಗಿ ತೋಟ ಕಣಿವೆಯ ತಳದಲ್ಲಿ, ಮನೆ ತೋಟದ ಅಂಚಿನಲ್ಲಿ, ಸೊಪ್ಪಿನ ಬೆಟ್ಟ ಮೇಲೆ. ತಲೆಮಾರುಗಳಿಂದ ಜನ ಆರಿಸಿಕೊಂಡ ಒಳ್ಳೆಯ ಜಾಗವೇ ಇವತ್ತು ನೆಟ್‌ವರ್ಕಿಗೆ ಕೆಟ್ಟ ಜಾಗ. 2020–21ರ ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ, ಮಳೆಯಲ್ಲಿ ಪ್ಲಾಸ್ಟಿಕ್ ಹೊದೆಸಿದ ಚಪ್ಪರದಡಿ ಕೂತದ್ದು ಇದೇ ಕಾರಣಕ್ಕೆ.

ಗುಡ್ಡವೇ ಇಲ್ಲದ ಕಡೆ

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರದ ಕಾಡು ಕಣಿವೆಗಳನ್ನು ಇಳಿದು ತದಡಿಯ ಬಳಿ ಕಡಲು ಸೇರುತ್ತದೆ. ಅಲ್ಲಿಂದಾಚೆಗೆ ದೋಣಿಗಳ ಲೋಕ. ಕೈಯಲ್ಲಿ ಹಿಡಿಯುವ ಸಾಗರ ರೇಡಿಯೊಗೆ ಅಡ್ಡ ಬರಲು ನೀರಿನ ಮೇಲೆ ಗುಡ್ಡವಿಲ್ಲ. ಆದರೂ ಅಲ್ಲಿ ‘ಕೇಳಿಸ್ತಿಲ್ಲ’ ಎಂಬ ದೂರು ತಪ್ಪಿದ್ದಲ್ಲ, ಏಕೆಂದರೆ ಭೂಮಿಯೇ ಬಾಗಿದೆ.

ಲೆಕ್ಕ ಸುಲಭ. ಏರಿಯಲ್ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ತರಂಗದ ದಿಗಂತ ಕಿಲೋಮೀಟರ್‌ನಲ್ಲಿ ಸಿಗುತ್ತದೆ. ಸಣ್ಣ ದೋಣಿಯಲ್ಲಿ ನಿಂತವನ ಕೈಯ ಸೆಟ್ಟು ನೀರಿನಿಂದ ಎರಡು ಮೀಟರ್ ಮೇಲಿದ್ದರೆ ಆರು ಕಿಲೋಮೀಟರಿಗೂ ತುಸು ಕಡಿಮೆ. ಅಂಥದೇ ಎರಡು ದೋಣಿಗಳ ನಡುವೆ ಹನ್ನೊಂದೂವರೆ. ದಡದ ಏರಿಯಲ್ 50 ಮೀಟರ್ ಎತ್ತರದಲ್ಲಿದ್ದರೆ ಅದೇ ಸೆಟ್ಟಿಗೆ ಸುಮಾರು 35 ಕಿಲೋಮೀಟರ್. ಸೆಟ್ಟು ಅದೇ, ಬ್ಯಾಟರಿ ಅದೇ. ಬದಲಾದದ್ದು ಎತ್ತರ ಮಾತ್ರ.

ಕೇಳುವ ತೊಂದರೆಗೆ ದೋಣಿಯಲ್ಲಿ ಸಾಮಾನ್ಯವಾಗಿ ಮಾಡುವ ತಪ್ಪು ಚಿಕಿತ್ಸೆಯೆಂದರೆ ಪವರ್ ಏರಿಸುವುದು. ಕೈ ಸೆಟ್ಟುಗಳಲ್ಲಿ ಒಂದು ವ್ಯಾಟ್, ಐದು ವ್ಯಾಟ್ ಎಂಬ ಆಯ್ಕೆ ಇರುತ್ತದೆ. ಅದು ಮಾತಾಡುವುದಕ್ಕೆ ಸಂಬಂಧಿಸಿದ್ದು, ಕೇಳುವುದಕ್ಕಲ್ಲ. ನೋಡಬೇಕಾದದ್ದು ಸ್ಕ್ವೆಲ್ಚ್ ಗುಂಡಿಯನ್ನು. ಯಾರೂ ಮಾತಾಡದಾಗ ಬರುವ ಸರಸರ ಸದ್ದನ್ನು ತಡೆಯುವ ಈ ಬಾಗಿಲನ್ನು ಬಿಗಿಯಾಗಿ ಮುಚ್ಚಿದರೆ ದೂರದ ಕ್ಷೀಣ ದನಿಯೂ ಹೊರಗೇ ಉಳಿಯುತ್ತದೆ. ಸದ್ದು ಬರುವವರೆಗೆ ತೆರೆದು, ಮತ್ತೆ ಮೆಲ್ಲನೆ ಮುಚ್ಚುತ್ತ ಬಂದು, ಅದು ನಿಂತ ಕೂಡಲೇ ತಿರುಗಿಸುವುದನ್ನು ನಿಲ್ಲಿಸಬೇಕು.

ಆಮೇಲೆ ಚಾನೆಲ್ ಪಟ್ಟಿ. ಅಮೆರಿಕದ ಪಟ್ಟಿಯಲ್ಲಿ ಸೆಟ್ಟು ಕೂತಿದ್ದರೆ ಕೆಲವು ಚಾನೆಲ್‌ಗಳ ಸಂಖ್ಯೆ ಒಂದೇ ಇದ್ದರೂ ಆವರ್ತನ ಬೇರೆ. ಎದುರಿನ ದೋಣಿಯವರು ಕೂಗಿದರೂ ಕೇಳದು. ತುರ್ತು ಕರೆಯ 16ನೇ ಚಾನೆಲ್ ಮಾತ್ರ ಎಲ್ಲೆಡೆ 156.8 ಮೆಗಾಹರ್ಟ್ಸ್. ಏರಿಯಲ್ ನೆಟ್ಟಗಿರಬೇಕು, ಸೆಟ್ಟನ್ನು ಅಡ್ಡ ಮಲಗಿಸಿದರೆ, ಸೊಂಟಕ್ಕೆ ಸಿಕ್ಕಿಸಿಕೊಂಡರೆ ಬಲ ಕುಗ್ಗುತ್ತದೆ. ಏರಿಯಲ್ ತಿರುಪಿನ ಬುಡದಲ್ಲಿ ಉಪ್ಪು ಹಸಿರುಗಟ್ಟಿದೆಯೇ ಎಂದು ಬಿಚ್ಚಿ ನೋಡಬೇಕು. ದನಿ ಗೊಗ್ಗರಾಗಿ ಕೇಳಿದರೆ ಸ್ಪೀಕರ್ ಜಾಲರಿಯಲ್ಲಿ ನೀರು ನಿಂತಿರಬಹುದು. ಬಗ್ಗಿಸಿ ಕೊಡವಿದರೆ ಸಾಕು. ಇಷ್ಟಾದರೂ ಚಾನೆಲ್ ಪೂರ್ತಿ ಮೌನವಾಗಿದ್ದರೆ, ಹತ್ತಿರದ ಯಾರದೋ ಸೆಟ್ಟಿನ ಮಾತಿನ ಗುಂಡಿ ಒತ್ತಿದಂತೆಯೇ ಸಿಕ್ಕಿಕೊಂಡಿರುವ ಸಾಧ್ಯತೆಯುಂಟು. ಎಫ್‌ಎಂ ಬಗೆಯ ಪ್ರಸಾರದಲ್ಲಿ ಬಲವಾದ ಅಲೆ ದುರ್ಬಲವಾದದ್ದನ್ನು ನುಂಗಿಬಿಡುತ್ತದೆ.

ಮತ್ತೆ ಘಟ್ಟದ ಮೇಲೆ

ಕಡಲಲ್ಲಿ ನಡೆಯುವ ತಪಾಸಣೆಯ ಕ್ರಮವೇ ತೋಟದ ಮನೆಗೂ ಹೊಂದುತ್ತದೆ: ಮೊದಲು ಜಾಗ, ಆಮೇಲೆ ಏರಿಯಲ್, ಆಮೇಲೆ ಸುತ್ತಲಿನ ಗದ್ದಲ, ಕೊನೆಗೆ ಸೆಟ್ಟು. ಬಹಳ ಮಂದಿ ಇದನ್ನು ತಿರುಗುಮುರುಗಾಗಿ ಮಾಡಿ ಹೊಸ ಸೆಟ್ಟಿಗೆ ದುಡ್ಡು ಸುರಿಯುತ್ತಾರೆ.

ಟ್ರಾನ್ಸಿಸ್ಟರಿನ ಮೀಡಿಯಂ ವೇವಿಗೆ ಮೇಲೆ ಎಳೆಯುವ ಕಡ್ಡಿ ಉಪಯೋಗಕ್ಕಿಲ್ಲ. ಅದರ ಏರಿಯಲ್ ಪೆಟ್ಟಿಗೆಯೊಳಗೆ ಉದ್ದಕ್ಕೆ ಮಲಗಿರುವ ಕಪ್ಪು ಫೆರೈಟ್ ಸರಳು. ಸರಳಿನ ತುದಿ ಕೇಂದ್ರದ ಕಡೆ ಚಾಚಿದರೆ ದನಿ ಸಾಯುತ್ತದೆ, ಅಡ್ಡಲಾಗಿದ್ದರೆ ಏರುತ್ತದೆ. ಶಿರಸಿ, ಸಿದ್ದಾಪುರಗಳಿಗೆ ಧಾರವಾಡ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ಅಲ್ಲಿ ಸೆಟ್ಟಿನ ಉದ್ದ ಪೂರ್ವ-ಪಶ್ಚಿಮವಾಗಿರಬೇಕು. ಯಲ್ಲಾಪುರದಲ್ಲಿ ತುಸು ಓರೆಗೆ ತಿರುಗಿಸಬೇಕು. ರಾತ್ರಿಯಲ್ಲಿ ಬೇರೆ ಬೇರೆ ಕೇಂದ್ರಗಳು ಮೇಲೆ ಬಿದ್ದರೆ ಗಾಬರಿ ಬೇಡ: ಸೂರ್ಯ ಮುಳುಗಿದ ಮೇಲೆ ದೂರದ ಅಲೆಗಳು ಆಕಾಶದ ಮೇಲ್ಪದರದಿಂದ ಪ್ರತಿಫಲಿಸಿ ಬರುತ್ತವೆ.

ಎಫ್‌ಎಂಗೆ ಮಾತ್ರ ಕಡ್ಡಿ ಬೇಕು. 102.3ಕ್ಕೆ ಅದನ್ನು ಮುಕ್ಕಾಲು ಮೀಟರ್ ಎಳೆದರೆ ಸರಿ. ಗುಡ್ಡಗಳಿಗೆ ಬಡಿದು ಹಲವು ದಾರಿಯಿಂದ ಬಂದ ಅಲೆಗಳು ಒಂದು ಕಡೆ ಒಂದನ್ನೊಂದು ಬಲಪಡಿಸುತ್ತವೆ, ಅಲ್ಲೇ ಮೊಳದಾಚೆಗೆ ಒಂದನ್ನೊಂದು ಅಳಿಸುತ್ತವೆ. ಕಿಟಕಿಯ ಈ ಮೂಲೆಯಲ್ಲಿ ಮೌನ, ಆ ಮೂಲೆಯಲ್ಲಿ ಹಾಡು ಎಂಬ ಮನೆಮನೆಯ ಅನುಭವಕ್ಕೆ ಇದೇ ಕಾರಣ. ಮಳೆಗಾಲಕ್ಕೆಂದು ಅಂಗಳಕ್ಕೆ ಹೊದೆಸಿದ ತಗಡಿನಡಿ ಕೂತು ರೇಡಿಯೊವನ್ನಾಗಲಿ ಫೋನನ್ನಾಗಲಿ ಬೈಯುವುದರಲ್ಲಿ ಅರ್ಥವಿಲ್ಲ. ಲೋಹ ತರಂಗವನ್ನು ಒಳಗೆ ಬಿಡದು.

ಗದ್ದಲದ ಮೂಲ ಹುಡುಕಲು ಒಂದು ಉಪಾಯವಿದೆ. ರೇಡಿಯೊವನ್ನು ಸೆಲ್ಲಿನ ಮೇಲೆ ಹಾಕಿ, ಇನ್ವರ್ಟರ್ ಸಮೇತ ಮನೆಯ ಕರೆಂಟೆಲ್ಲ ಆರಿಸಿ ನೋಡುವುದು. ಸದ್ದು ನಿಂತರೆ ಒಂದೊಂದೇ ಸ್ವಿಚ್ ಹಾಕುತ್ತ ಬರಬೇಕು. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವೇ ಹೆಚ್ಚಾಗಿ ಸಿಕ್ಕಿಬೀಳುತ್ತವೆ. ಎಲ್ಲ ಆರಿಸಿದರೂ ಸೆಕೆಂಡಿಗೊಮ್ಮೆ ಟಕ್ ಟಕ್ ಎನ್ನುತ್ತಿದ್ದರೆ, ಕಾಡುಹಂದಿ ತಡೆಯಲು ಹಾಕಿದ ಸೋಲಾರ್ ಬೇಲಿಯ ತಂತಿಗೆ ಎಲ್ಲೋ ಹಸಿ ಬಳ್ಳಿ ತಾಗಿದೆ ಎಂದು ತಿಳಿಯಬಹುದು. ಬಳ್ಳಿ ಸವರಿದರೆ ಬೇಲಿಗೂ ಒಳ್ಳೆಯದು, ವಾರ್ತೆಗೂ ಒಳ್ಳೆಯದು.

ಫೋನಿನಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಕಾಗಿಲ್ಲ. ಕಂಪನಿಯಿಂದ ಕಂಪನಿಗೆ ಅವುಗಳ ಅಳತೆ ಬೇರೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿಯ ಪುಟದಲ್ಲಿ ಡಿಬಿಎಂ ಎಂಬ ಅಂಕಿ ಸಿಗುತ್ತದೆ. 4ಜಿಯಲ್ಲಿ ಮೈನಸ್ 85 ಇದ್ದರೆ ಸುಖ, ಮೈನಸ್ 115 ಎಂದರೆ ಹರಸಾಹಸ. ಅದನ್ನು ಹಿಡಿದು ಅಟ್ಟ, ಜಗಲಿ, ಕೊಟ್ಟಿಗೆ ಸುತ್ತಿದರೆ ಮನೆಯ ಉತ್ತಮ ಜಾಗ ಗೊತ್ತಾಗುತ್ತದೆ. ಆಷಾಢದಲ್ಲಿ ಮರ ಬಿದ್ದು ಕರೆಂಟು ಹೋಗಿ ಕೆಲವು ತಾಸಿನ ನಂತರ ಊರಿಗೂರೇ ಸಿಗ್ನಲ್ ಕಳೆದುಕೊಂಡರೆ, ಟವರಿನ ಬ್ಯಾಟರಿ ಮುಗಿದಿರುವ ಸಂಭವವೇ ಹೆಚ್ಚು.

ಪೇಟೆಯಲ್ಲಿ ಮಾರುವ ಬೂಸ್ಟರ್‌ಗಳಿಂದ ದೂರ ಇರುವುದು ಲೇಸು. ಅನುಮತಿಯಿಲ್ಲದೆ ಅವನ್ನು ಕೂರಿಸುವುದು ಕಾನೂನುಬಾಹಿರ. ನೆರೆಯವರ ಸಿಗ್ನಲ್ಲೂ ಕೆಡುತ್ತದೆ. ಮನೆಗೆ ಫೈಬರ್ ಬಂದಿದ್ದರೆ ವೈಫೈ ಕಾಲಿಂಗ್ ಒಳ್ಳೆಯ ದಾರಿ. 2019ರ ಡಿಸೆಂಬರಿನಿಂದ ದೇಶದಲ್ಲಿ ಬಳಕೆಗೆ ಬಂದ ಈ ಸೌಲಭ್ಯದಲ್ಲಿ ಕರೆ ತಂತಿಯ ಮೂಲಕ ಸಾಗುತ್ತದೆ, ಗುಡ್ಡದ ಹಂಗಿಲ್ಲ. ತುರ್ತಿನಲ್ಲಿ ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ. ಬೇರೆ ಕಂಪನಿಯ ಟವರ್ ಸಿಕ್ಕರೆ ಕರೆ ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ತರಂಗ ಬರದಿದ್ದರೆ ಅದು ನಿಜವಾದ ನೆರಳು. ಅದಕ್ಕೆ ಟವರೇ ಮದ್ದು. ಆಗ ‘ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ’ ಎಂದಷ್ಟೇ ಅರ್ಜಿ ಬರೆಯಬೇಡಿ. ಯಾವ ಮಜರೆ, ಎಷ್ಟು ಮನೆ, ಯಾವ ಕಂಪನಿ, ಯಾವ ಹೊತ್ತಿನಲ್ಲಿ ಎಷ್ಟು ಡಿಬಿಎಂ, ಹತ್ತಿರದ ಯಾವ ದಿಬ್ಬದಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದನ್ನು ಬರೆದು ಗ್ರಾಮ ಪಂಚಾಯಿತಿಗೂ ಕಂಪನಿಗೂ ಕೊಡಿ. ಅಂಕಿಗಳಿರುವ ಅರ್ಜಿಯನ್ನು ಬದಿಗಿಡುವುದು ಕಷ್ಟ.